ನೆಂಟ ಬಂದಾಗ ಒಳಗಿಟ್ಟ ವಸ್ತುಗಳು

ಪರಊರಿನ ಗೆಳೆಯನ ಮನೆಗೆ ಹೋಗಿ ಬಂದವರು ಬರೆಯುವ ಲೇಖನಗಳಿಗೆ ಒಂದು ಅಚ್ಚು ಇದೆ. ನೀವೂ ಓದಿರ್ತೀರಿ, ಬಹುಶಃ ಬರೆದೂ ಇರ್ತೀರಿ. ಮೊದಲ ಪ್ಯಾರಾದಲ್ಲಿ ಗೆಳೆಯ ಸ್ಟೇಷನ್ನಿಗೆ ಬಂದು ಬ್ಯಾಗ್ ಎತ್ತಿಕೊಳ್ತಾನೆ. ಎರಡನೇ ಪ್ಯಾರಾದಲ್ಲಿ ಆ ಊರಿನ ತಿಂಡಿ. ಮೂರರಲ್ಲಿ 'ಅಲ್ಲಿಯ ಜನ ಎಷ್ಟು ಶಿಸ್ತು' ಅಥವಾ 'ಅಲ್ಲಿಯ ಜನ ಎಷ್ಟು ನಿಧಾನ' ಎಂಬ ಉದ್ಗಾರ. ನಾಲ್ಕರಲ್ಲಿ ನಮ್ಮ ಬೆಂಗಳೂರಿನ ಜೊತೆ ಹೋಲಿಕೆ, ಟ್ರಾಫಿಕ್ಕಿಗೆ ಒಂದು ಬೈಗುಳ. ಕೊನೆಯಲ್ಲಿ ಭಾರವಾದ ಮನಸ್ಸಿನ ವಿದಾಯ. ಗೆಳೆಯ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕಾಣಿಸಿಕೊಳ್ತಾನೆ. ನಡುವಿನಲ್ಲಿ ಅವನು ಡ್ರೈವರ್, ದುಭಾಷಿ, ಹೋಟೆಲಿನ ಬಿಲ್ಲು ಕೊಡುವವನು. ಅವನ ಊರಿನ ಬಗ್ಗೆ ಸಾವಿರ ಪದ ಇರುತ್ತದೆ, ಅವನ ಬಗ್ಗೆ ಹತ್ತು ಪದ.

ಈ ಅಚ್ಚು ನಮ್ಮ ತಲೆಮಾರು ಮಾಡಿದ್ದಲ್ಲ. ಕನ್ನಡದ ಪ್ರವಾಸ ಸಾಹಿತ್ಯದಲ್ಲಿ 'ಅಲ್ಲಿ ಹೀಗೆ, ನಮ್ಮಲ್ಲಿ ಹಾಗೆ' ಅನ್ನೋದು ಹಳೆಯ ನಡೆ. ಆದರೆ ಹಿರಿಯರಲ್ಲಿ ಅದಕ್ಕೊಂದು ತಮಾಷೆಯ ಅರಿವೂ ಇತ್ತು. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಪುಸ್ತಕದ ಹೆಸರು ನೋಡಿ: 'ಅಮೆರಿಕಾದಲ್ಲಿ ಗೊರೂರು'. ಗೊರೂರು ಅಂದರೆ ಲೇಖಕರೂ ಹೌದು, ಹಾಸನ ಜಿಲ್ಲೆಯ ಆ ಊರೂ ಹೌದು. ನೋಡುವವನು ತನ್ನ ಊರನ್ನು ಹೊತ್ತುಕೊಂಡೇ ಹೋಗ್ತಾನೆ ಅನ್ನೋದನ್ನು ಆ ಹೆಸರೇ ಒಪ್ಪಿಕೊಳ್ಳುತ್ತದೆ. ನಮ್ಮ ಈಗಿನ ಬರಹಗಳಲ್ಲಿ ಕಳೆದುಹೋಗಿರೋದು ಈ ಒಪ್ಪಿಗೆ. ನಮ್ಮ ಕಣ್ಣು ಕ್ಯಾಮೆರಾ, ಕಂಡದ್ದೆಲ್ಲ ಸತ್ಯ, ಶನಿವಾರ ಬೆಳಿಗ್ಗೆಯಿಂದ ಭಾನುವಾರ ರಾತ್ರಿಯೊಳಗೆ ಒಂದು ಸಂಸ್ಕೃತಿ ಅರ್ಥವಾಗಿಬಿಡುತ್ತದೆ ಎಂಬ ಧೈರ್ಯ ನಮಗಿದೆ.

ಇದಕ್ಕೆ ಮದ್ದು ಅನ್ನಬಹುದಾದ ಒಂದು ಸಿನಿಮಾ ಇದೆ. ಸತ್ಯಜಿತ್ ರಾಯ್ ಅವರ ಕೊನೆಯ ಚಿತ್ರ 'ಆಗಂತುಕ್', 1991ರದ್ದು. ತಮ್ಮದೇ 'ಅತಿಥಿ' ಎಂಬ ಸಣ್ಣಕತೆಯನ್ನು ಹಿಗ್ಗಿಸಿ ರಾಯ್ ಮಾಡಿದ್ದು. ಆಗ ಅವರಿಗೆ 70ರ ಆಸುಪಾಸು. ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡರು. ಚಿತ್ರಕ್ಕೆ ಆ ಸಾಲಿನ ಅತ್ಯುತ್ತಮ ಚಿತ್ರ ಮತ್ತು ನಿರ್ದೇಶನದ ರಾಷ್ಟ್ರಪ್ರಶಸ್ತಿಗಳು ಬಂದವು. 'ರಾಯ್ ಸಿನಿಮಾ' ಅಂದ ಕೂಡಲೇ 'ಪಥೇರ್ ಪಾಂಚಾಲಿ'ಯ ಕಪ್ಪುಬಿಳುಪು ನೆನಪಾಗಿ ಆಕಳಿಸುವವರಿಗೂ ಹೇಳ್ತೀನಿ, ಇದು ಬಣ್ಣದ ಸಿನಿಮಾ. ಒಂದೇ ಮನೆಯ ಹಾಲಿನಲ್ಲಿ ಬಹುಪಾಲು ನಡೆಯುತ್ತದೆ, ಮತ್ತು ಒಳ್ಳೆಯ ಪತ್ತೇದಾರಿ ಕತೆಯ ಹಾಗೆ ಎಳೆದುಕೊಂಡು ಹೋಗುತ್ತದೆ.

ಕತೆ ಇಷ್ಟು. ಕಲ್ಕತ್ತಾದ ಅನಿಲಾಗೆ ಒಂದು ಪತ್ರ ಬರುತ್ತದೆ. ಬರೆದವನು ತಾನು ಅವಳ ಸೋದರಮಾವ ಮನಮೋಹನ್ ಮಿತ್ರ ಅಂತಾನೆ. 1955ರಲ್ಲಿ ಮನೆ ಬಿಟ್ಟವನು, 35 ವರ್ಷ ಜಗತ್ತು ಸುತ್ತಿ ಬಂದಿದ್ದಾನೆ, ಒಂದು ವಾರ ನಿಮ್ಮ ಮನೆಯಲ್ಲಿ ಇರಬಹುದಾ ಅಂತ ಕೇಳ್ತಾನೆ. ಮಾವ ಹೋದಾಗ ಅನಿಲಾ ಪುಟ್ಟ ಮಗು, ಗುರುತು ಹಿಡಿಯೋಕೆ ಅವಳಿಗೆ ಏನೂ ನೆನಪಿಲ್ಲ. ಗಂಡ ಸುಧೀಂದ್ರನಿಗೆ ಮೊದಲ ಕ್ಷಣದಿಂದ ಅನುಮಾನ: ಇವನು ನಿಜವಾದ ಮಾವನೋ, ಮಾವನ ಹೆಸರಿನ ಕಳ್ಳನೋ? ಮಗ ಮಾತ್ರ ಆ ಅಜ್ಜನ ಜೊತೆ ತಕ್ಷಣ ಒಂದಾಗ್ತಾನೆ. ದೊಡ್ಡವರು ಸಾಕ್ಷಿ ಹುಡುಕ್ತಾರೆ. ಆಗಂತುಕ ತಾನಾಗಿಯೇ ಪಾಸ್‌ಪೋರ್ಟ್ ತೆಗೆದು ಕೈಗೆ ಕೊಟ್ಟು, ಇದರಿಂದ ಏನೂ ಸಾಬೀತಾಗಲ್ಲ, ಇದನ್ನೂ ನಕಲಿ ಮಾಡಬಹುದು ಅಂತ ಅವನೇ ಹೇಳಿಬಿಡ್ತಾನೆ. ಆ ದೃಶ್ಯದಲ್ಲಿ ಉತ್ಪಲ್ ದತ್ ಮುಖದಲ್ಲಿ ಸಿಟ್ಟಿಲ್ಲ, ಅವಮಾನವೂ ಇಲ್ಲ. ಒಂದು ಸಣ್ಣ ಕುತೂಹಲ ಇದೆ: ಈಗ ನೀವೇನು ಮಾಡ್ತೀರಿ ನೋಡೋಣ.

ಈ ಚಿತ್ರದ ದೊಡ್ಡ ಚಾಲಾಕಿತನ ಇರೋದೇ ಇಲ್ಲಿ. ನೋಡುವ ಕಣ್ಣು ತಿರುಗಿಬಿಡುತ್ತದೆ. ಪ್ರವಾಸದ ಬರಹಗಳಲ್ಲಿ ಅತಿಥಿ ಊರನ್ನು ಪರೀಕ್ಷಿಸ್ತಾನೆ. ಇಲ್ಲಿ ಊರು ಅತಿಥಿಯನ್ನು ಪರೀಕ್ಷಿಸುತ್ತದೆ, ಆ ಪರೀಕ್ಷೆಯಲ್ಲಿ ಊರಿನ ಮುಖವೇ ಬಯಲಾಗುತ್ತದೆ. ಅತಿಥಿ ಅಂದರೆ ತಿಥಿ ಇಲ್ಲದೆ ಬರುವವನು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಈಗ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಓಟಿಪಿ ಹೇಳದೆ ಅಣ್ಣತಮ್ಮಂದಿರೂ ಒಳಗೆ ಬರೋಕಾಗಲ್ಲ. ಮನಮೋಹನ್ ಮಿತ್ರ ಪಾಪ ಪತ್ರ ಬರೆದು, ಬರುವ ದಿನ ಹೇಳಿ, ಇರುವ ದಿನ ಎಣಿಸಿಕೊಟ್ಟು ಬಂದವನು. ಆದರೂ ಅವನಿಗೆ ಬಾಗಿಲು ಪೂರ್ತಿ ತೆರೆಯಲ್ಲ. ಅವನು ಬರುವ ಮೊದಲು ಅನಿಲಾ ಹಾಲಿನಲ್ಲಿದ್ದ ಬೆಲೆಬಾಳುವ ಹಳೆಯ ವಸ್ತುಗಳನ್ನು ಒಳಗಿಡುವ ಒಂದು ಪುಟ್ಟ ಪ್ರಸಂಗ ಬರುತ್ತದೆ. ಒಳ್ಳೆಯ ಹೆಂಗಸು, ಮಾವನ ಮೇಲೆ ನಂಬಿಕೆ ಇಡೋಕೆ ಒದ್ದಾಡ್ತಿರುವವಳು. ಅವಳ ಕೈಯಲ್ಲೇ ಆ ಕೆಲಸ ಮಾಡಿಸ್ತಾರೆ ರಾಯ್.

ನಾನು ಈ ಸಿನಿಮಾ ನೋಡಿದ್ದು ಕಲ್ಕತ್ತಾದಲ್ಲೇ, ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದ ಗೆಳೆಯನ ಮನೆಯಲ್ಲಿ. ಮಲೆನಾಡಿನವನು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸ, ಆ ಊರಿಗೆ ಹೋಗಿ 11 ವರ್ಷ. ಹೆಂಡತಿ ಬಂಗಾಳಿ. ಮೂರು ದಿನ ಇದ್ದೆ. ಅಚ್ಚಿನ ಲೇಖನಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು ಕುಡಿಕೆಯನ್ನು ಎಸೆದು ಒಡೆಯೋದು. ಟ್ರಾಮು. ಮಧ್ಯಾಹ್ನ ಅರ್ಧ ಷಟರ್ ಎಳೆದು ಮಲಗುವ ಅಂಗಡಿಯವರು. ಎಲ್ಲರಿಗೂ ಎರಡೆರಡು ಹೆಸರು: ಲೋಕಕ್ಕೊಂದು 'ಭಾಲೋನಾಮ್', ಮನೆಯವರಿಗೊಂದು 'ಡಾಕ್‌ನಾಮ್'. ಆಫೀಸಿನಲ್ಲಿ ಮ್ಯಾನೇಜರ್ ಆಗಿರುವವರು ಬೀದಿಯಲ್ಲಿ ಪುಟ್ಟ, ಗುಂಡ ಎಂಬಂಥ ಹೆಸರಿಗೆ ತಿರುಗಿ ನೋಡೋದು. ಊಟವನ್ನು ಕಹಿಯಿಂದ ಶುರುಮಾಡಿ, ಬೇಳೆ, ಪಲ್ಯ, ಮೀನು ಅಂತ ಒಂದೊಂದನ್ನೇ ಅನ್ನದ ಜೊತೆ ಮುಗಿಸುತ್ತ ಸಿಹಿಗೆ ಬರೋದು.

ಆದರೆ ಸ್ವಲ್ಪ ಕೆದಕಿದರೆ ವಿಚಿತ್ರ ಅನ್ನಿಸಿದ್ದರಲ್ಲಿ ಅರ್ಧ ನಮ್ಮದೇ. ಬಂಗಾಳಿಗಳು ಹೊರಡುವಾಗ 'ಹೋಗ್ತೀನಿ' ಅನ್ನಲ್ಲ, 'ಆಶಿ' ಅಂತಾರೆ, 'ಬರ್ತೀನಿ' ಅಂತ. ನಮ್ಮ ಅಜ್ಜಿಯಂದಿರು 'ಹೋಗ್ತೀನಿ' ಅಂದರೆ ಬಾಯಿ ಮುಚ್ಚಿಸುತ್ತಿದ್ದದ್ದು ಇದಕ್ಕೇ ತಾನೇ? ಅವರ 'ಬೊಂಟಿ' ಅಂದರೆ ನಮ್ಮ ಈಳಿಗೆಮಣೆ: ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ತರಕಾರಿ ಹಿಡಿದು ಅಲಗಿಗೆ ಕೊಡೋದು. ಅವರು ಅದರ ಮೇಲೆ ಮೀನನ್ನೂ ಹೆಚ್ಚುತ್ತಾರೆ, ಅಷ್ಟೇ. ಮನೆ ಮುಂದಿನ ಜಗಲಿಗೆ 'ರೋಕ್' ಅಂತಾರೆ, ಅದರ ಮೇಲೆ ಕೂತು ಹೊಡೆಯುವ ಹರಟೆಗೆ 'ಅಡ್ಡಾ'. ಇದು ಪ್ರಪಂಚದಲ್ಲಿ ಬಂಗಾಳಕ್ಕೆ ಮಾತ್ರ ಸೇರಿದ್ದು ಅಂತ ಅಲ್ಲಿಯವರ ಖಚಿತ ನಂಬಿಕೆ. ನಮ್ಮೂರಿನ ಅರಳೀಕಟ್ಟೆ ಕೇಳಿದರೆ ನಗುತ್ತದೆ.

'ಆಗಂತುಕ್'ನಲ್ಲಿ ಈ ಅಡ್ಡಾ ಬಗ್ಗೆಯೇ ಒಂದು ಚರ್ಚೆ ಇದೆ. ಮನೆಗೆ ಬಂದ ಸ್ನೇಹಿತ, ರಬಿ ಘೋಷ್ ಮಾಡಿರುವ ಪಾತ್ರ, ಅಡ್ಡಾ ಬಂಗಾಳಿಯ ಸ್ವಂತ ಆಸ್ತಿ ಅಂತ ಹೆಮ್ಮೆ ಪಡ್ತಾನೆ. ಮನಮೋಹನ್ ಎರಡೂವರೆ ಸಾವಿರ ವರ್ಷ ಹಿಂದಿನ ಅಥೆನ್ಸಿಗೆ ಕರೆದೊಯ್ತಾನೆ. ಅಲ್ಲಿ ವ್ಯಾಯಾಮಶಾಲೆಗಳಲ್ಲಿ ಸೇರಿ ದೊಡ್ಡ ದೊಡ್ಡ ತಲೆಗಳು ಮಾಡ್ತಿದ್ದದ್ದೂ ಅಡ್ಡಾನೇ, ಆದರೆ ಅದರ ಮಟ್ಟ ಬೇರೆ ಅಂತಾನೆ. ನಗಿಸುವ ದೃಶ್ಯ, ಆದರೆ ಅದರೊಳಗೆ ಒಂದು ಸಣ್ಣ ಪಾಠ ಇದೆ: ಒಂದು ಪದ್ಧತಿ 'ನಮ್ಮದು ಮಾತ್ರ' ಅನ್ನುವವನೂ, 'ಅವರದು ಮಾತ್ರ' ಅಂತ ಬೆರಗಾಗುವವನೂ ಒಂದೇ ತಪ್ಪು ಮಾಡ್ತಿದ್ದಾರೆ. ಚಿತ್ರ ನೋಡ್ತಿದ್ದಾಗ ಗೆಳೆಯನ ಹೆಂಡತಿ ಇನ್ನೊಂದು ಮಾತು ಸೇರಿಸಿದಳು, "ಅಡ್ಡಾಕ್ಕೆ ಚಾ ಮಾಡೋರು ಯಾವತ್ತೂ ಅಡ್ಡಾದಲ್ಲಿ ಇರಲ್ಲ ದಾದಾ." ಇತಿಹಾಸಕಾರ ದೀಪೇಶ್ ಚಕ್ರವರ್ತಿ ಅಡ್ಡಾದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲೂ ಅದು ಬಹುಮಟ್ಟಿಗೆ ಗಂಡಸರ ಜಾಗ ಎಂಬ ಮಾತು ಬರುತ್ತದೆ. ಆದರೆ ಅವಳಿಗೆ ಪ್ರಬಂಧ ಬೇಕಿರಲಿಲ್ಲ. ನಮ್ಮಿಬ್ಬರ ಕೈಯಲ್ಲೂ ಅವಳು ಮಾಡಿದ ಚಹಾ ಇತ್ತು.

ಅದೇ ರಾತ್ರಿ ನಡೆದದ್ದು ಈ ಲೇಖನಕ್ಕೆ ಕಾರಣ. ಅನಿಲಾ ವಸ್ತುಗಳನ್ನು ಒಳಗಿಡುವ ಪ್ರಸಂಗ ಬಂದಾಗ ಅವಳಿಗೆ ನಗು ತಡೆಯಲಿಲ್ಲ. ಯಾಕೆ ಅಂತ ಕೇಳಿದೆ. ಗೆಳೆಯ "ಸುಮ್ನೆ ನೋಡು ಮಾರಾಯಾ" ಅಂದ. ಅವಳು ಹಿಂದಿ, ಇಂಗ್ಲಿಷು, ನಡುವೆ ಒಂದೊಂದು ಕನ್ನಡ ಪದ ಹಾಕಿ ಹೇಳಿದಳು: ನಾನು ಬರುವ ಹಿಂದಿನ ದಿನ ಇವರ ಮನೆಯಲ್ಲೂ ಹೀಗೇ ಆಗಿತ್ತಂತೆ. ಫ್ರಿಜ್ಜಿನಲ್ಲಿದ್ದ ಮೀನು ಪಕ್ಕದ ಮನೆಗೆ ಹೋಯಿತು. ಬೊಂಟಿ ಮಂಚದ ಕೆಳಗೆ ಹೋಯಿತು. ಮೂರು ದಿನದಿಂದ ಮನೆಯಲ್ಲಿ ಶುದ್ಧ ಶಾಕಾಹಾರ. ಹುಟ್ಟಿದ ಮನೆಯಲ್ಲಿ ಮೊಟ್ಟೆಯ ವಾಸನೆಯನ್ನೂ ಕಾಣದ ನನ್ನ ಗೆಳೆಯ ಈಗ ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಕಿವಿರು ಎತ್ತಿ ನೋಡಿ ಇಲಿಶ್ ಆರಿಸುವಷ್ಟು ಪಳಗಿದ್ದಾನೆ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

"ನನಗೆ ಹೇಳಿದ್ರೆ ಎಂತ ಆಗ್ತಿತ್ತೋ?" ಅಂದೆ.

"ನಿಂಗೆ ಎಂತದೂ ಆಗ್ತಿರಲಿಲ್ಲ. ನೀನು ಊರಿಗೆ ಹೋಗ್ತಿ, ಅಮ್ಮ ಸಿಗ್ತಾಳೆ, 'ನನ್ ಮಗ ಹೆಂಗಿದಾನೆ' ಅಂತ ಕೇಳ್ತಾಳೆ. ನಿನ್ ಬಾಯಿ ಸುಳ್ಳು ಹೇಳಿದ್ರೂ ಮುಖ ಹೇಳಲ್ಲ. ಅದಕ್ಕೇ ನಿಂಗೆ ಗೊತ್ತೇ ಇಲ್ಲದಿದ್ರೆ ಒಳ್ಳೇದು ಅಂತ."

ಆ ಮಾತು ಕೇಳಿದ ಮೇಲೆ ಸಿನಿಮಾ ನನಗೆ ಬೇರೆಯದೇ ಆಗಿ ಕಾಣತೊಡಗಿತು. ರಾಯ್ ಚಿತ್ರದಲ್ಲಿ ಮನೆಯವರಿಗೆ ಇರುವ ಭಯ, ಬಂದವನು ಕದಿಯಬಹುದು ಅನ್ನೋದು. ನಮ್ಮ ತಲೆಮಾರಿನ ಭಯ ಅದಲ್ಲ. ಊರಿನಿಂದ ಬಂದ ಗೆಳೆಯ ಏನೂ ಕದಿಯಲ್ಲ, ಆದರೆ ನೋಡ್ತಾನೆ. ನೋಡಿದ್ದನ್ನು ವಾಪಸ್ಸು ಒಯ್ತಾನೆ. ಓದಿ, ಕೆಲಸ ಹಿಡಿದು ಪುಣೆಗೆ, ಗುರುಗ್ರಾಮಕ್ಕೆ, ಮ್ಯೂನಿಕ್ಕಿಗೆ, ಡಲ್ಲಾಸಿಗೆ ಹೋದವರು ಅಲ್ಲಿ ಸ್ವಲ್ಪ ಸ್ವಲ್ಪವೇ ಬೇರೆಯವರಾಗಿರ್ತಾರೆ. ಅವರ ತಟ್ಟೆ ಬದಲಾಗಿರುತ್ತದೆ, ಬೆಳಗಿನ ಪೂಜೆ ನಿಂತಿರುತ್ತದೆ ಅಥವಾ ಹೊಸದಾಗಿ ಶುರುವಾಗಿರುತ್ತದೆ, ಕನಸಿನ ಭಾಷೆ ಬದಲಾಗಿರುತ್ತದೆ. ನಾವು ಹೋದಾಗ ಆ ಹೊಸ ಮನುಷ್ಯ ಎರಡು ದಿನ ಮಂಚದ ಕೆಳಗೆ ಹೋಗ್ತಾನೆ, ಹಳೇ ಹಾಸ್ಟೆಲ್ಲಿನ ಹುಡುಗ ಹೊರಗೆ ಬರ್ತಾನೆ. ನಾವು ಅವನ ಜೊತೆ ಹಳೇ ಜೋಕುಗಳನ್ನು ಹೇಳಿ ನಕ್ಕು, 'ಇವನು ಒಂಚೂರೂ ಬದಲಾಗಿಲ್ಲ' ಅಂತ ಖುಷಿಯಿಂದ ಬರ್ತೀವಿ. ಆ ವಾಕ್ಯವನ್ನು ಎಷ್ಟು ಲೇಖನಗಳಲ್ಲಿ ಓದಿಲ್ಲ ನಾವು! ಅದು ಹೊಗಳಿಕೆ ಅಂದುಕೊಂಡಿದ್ದೀವಿ. ಆತಿಥೇಯ ಎಷ್ಟು ಕಷ್ಟಪಟ್ಟು ಬದಲಾಗದ ಹಾಗೆ ಕಾಣಿಸಿಕೊಂಡ ಅನ್ನೋದರ ಲೆಕ್ಕ ಯಾರ ಬರಹದಲ್ಲೂ ಇಲ್ಲ.

ಒಂದು ಊರಿನ ಪದ್ಧತಿ ಅಂದರೆ ಕುಡಿಕೆ, ಟ್ರಾಮು, ಮಿಷ್ಟಿ ಇಷ್ಟೇ ಅಲ್ಲ. ಹೊರಗಿನಿಂದ ಬಂದವನೊಬ್ಬ ಅಲ್ಲಿ ಬದುಕಲು ಏನೇನು ಕಲಿತ, ಏನೇನು ಬಿಟ್ಟ, ಅದರಲ್ಲಿ ಯಾವುದನ್ನು ತನ್ನವರಿಗೆ ಹೇಳಬಲ್ಲ, ಯಾವುದನ್ನು ಹೇಳಲಾರ ಅನ್ನೋದೂ ಆ ಊರಿನ ಕತೆಯೇ. ನನ್ನ ಗೆಳೆಯನ ಪಾಲಿಗೆ ಮೀನು ರುಚಿಯ ವಿಷಯ ಮಾತ್ರ ಅಲ್ಲ. ಅತ್ತೆಮನೆಯಲ್ಲಿ ಅಳಿಯನ ತಟ್ಟೆಗೆ ಮೀನಿನ ತಲೆ ಬಡಿಸಿದಾಗ ಅದು ಗೌರವ. ಮೊದಲೆರಡು ವರ್ಷ ಅವನು ಆ ಗೌರವವನ್ನು ತಳ್ಳಿದನಂತೆ. ಮೂರನೇ ವರ್ಷ ಅತ್ತೆಗೆ ಕಾಯಿಲೆಯಾಗಿ, ಎದ್ದು ಮೊದಲ ಸಲ ಅಡುಗೆ ಮಾಡಿದ ದಿನ ಅವನು ತಿಂದ. ಇದನ್ನು ಅವನು ಹೇಳಿದ್ದು ಸಿನಿಮಾ ಮುಗಿದು, ರಾತ್ರಿ ಒಂದು ಗಂಟೆಗೆ, ಬಾಲ್ಕನಿಯಲ್ಲಿ. ಬೇಸಿಗೆಗೆ ಅಮ್ಮ ಬರ್ತಾಳಂತೆ. ಬೊಂಟಿ ಎಲ್ಲಿರಬೇಕು ಅನ್ನೋದು ಗಂಡಹೆಂಡಿರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಅವಳದ್ದು ಒಂದೇ ಪ್ರಶ್ನೆ: ನನ್ನ ಅಡುಗೆಮನೆಯಲ್ಲಿ ನಾನು ಬಚ್ಚಿಡಬೇಕಾದ್ದು ಏನಿದೆ? ಅವನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ.

ಮತ್ತೆ ಚಿತ್ರಕ್ಕೆ ಬರ್ತೀನಿ. ಇಷ್ಟು ಮೆಚ್ಚಿಕೊಂಡ ಮೇಲೂ ಎರಡು ತಕರಾರು ಉಳಿಯುತ್ತವೆ.

ಮೊದಲನೆಯದು ಕೊನೆಯ ಭಾಗದ ಬಗ್ಗೆ. ವಕೀಲ ಸ್ನೇಹಿತನೊಬ್ಬ ಆಗಂತುಕನನ್ನು ಪಾಟೀಸವಾಲು ಮಾಡುವ ಉದ್ದನೆಯ ದೃಶ್ಯ ಚಿತ್ರದ ಶಿಖರ. ನಾಗರಿಕತೆ ಅಂದರೇನು, ಕಾಡಿನವರು ಅನಾಗರಿಕರಾ ಎಂಬ ವಾದ ನಡೆಯುತ್ತದೆ. ಒಂದು ಗುಂಡಿ ಒತ್ತಿ ಇಡೀ ನಗರವನ್ನು ಜನರ ಸಮೇತ ಅಳಿಸಬಲ್ಲವನೇ ನಾಗರಿಕ ಎಂಬ ಅರ್ಥದ ಚುಚ್ಚುಮಾತು ಆಗಂತುಕನಿಂದ ಬರುತ್ತದೆ. ವಕೀಲ ತಾಳ್ಮೆ ಕಳೆದುಕೊಂಡು, ನಿಜ ಹೇಳು ಇಲ್ಲ ಜಾಗ ಖಾಲಿ ಮಾಡು ಎಂಬಂತೆ ಕಿರುಚ್ತಾನೆ. ಮರುದಿನ ಅತಿಥಿ ಹೇಳದೆ ಕೇಳದೆ ಹೊರಟುಹೋಗಿರ್ತಾನೆ. ಚಿತ್ರ ಅಲ್ಲೇ ನಿಂತಿದ್ದರೆ ನಮ್ಮನ್ನು ನಿದ್ದೆ ಮಾಡಲು ಬಿಡ್ತಿರಲಿಲ್ಲ. ಆದರೆ ರಾಯ್ ಮುಂದುವರಿಸ್ತಾರೆ. ಮನೆಯವರು ಶಾಂತಿನಿಕೇತನದ ಕಡೆಗೆ ಅವನನ್ನು ಹುಡುಕಿಕೊಂಡು ಹೋಗ್ತಾರೆ, ಅವನು ನಿಜವಾದ ಮಾವ ಅನ್ನೋದು ಖಾತ್ರಿಯಾಗುತ್ತದೆ, ಕೊನೆಗೆ ಅವನು ತನ್ನ ಪಿತ್ರಾರ್ಜಿತದ ಪಾಲನ್ನೆಲ್ಲ ಅನಿಲಾಗೆ ಬಿಟ್ಟು ಹೋಗ್ತಾನೆ. ನನ್ನ ಗೆಳೆಯ ಕೇಳಿದ, "ಅಜ್ಜ ದುಡ್ಡೂ ಕೊಟ್ಟ, ಅಸಲಿನೂ ಆಗಿದ್ದ. ನಕಲಿ ಆಗಿದ್ದಿದ್ರೆ? ವಾರವಿಡೀ ಆ ಹುಡುಗನ ಜೊತೆ ಆಡಿದ್ದು ಸುಳ್ಳಾಗ್ತಿತ್ತಾ?" ಸರಿಯಾದ ಪ್ರಶ್ನೆ. ಅತಿಥಿಯನ್ನು ಸಾಕ್ಷಿಯಿಲ್ಲದೆ ನಂಬಬಹುದಾ ಅಂತ ಶುರುವಾದ ಚಿತ್ರ, ಸಾಕ್ಷಿ ಒದಗಿಸಿ ಮುಗಿಯುತ್ತದೆ. ಮನೆಯವರಿಗೆ ನಾಚಿಕೆಯಾಗುತ್ತದೆ ನಿಜ, ಆದರೆ ಅವರ ನಂಬಿಕೆಯ ಪರೀಕ್ಷೆ ಆಗೋದೇ ಇಲ್ಲ.

ಎರಡನೆಯದು ಸಂತಾಲರ ಕುಣಿತ. ಆಗಂತುಕ ಆದಿವಾಸಿಗಳ ನಡುವೆ ವರ್ಷಗಟ್ಟಲೆ ಬದುಕಿದವನು, ಅವರ ಜ್ಞಾನದ ಬಗ್ಗೆ ಗೌರವದಿಂದ ಮಾತಾಡುವವನು. ಚಿತ್ರದ ಕೊನೆಯಲ್ಲಿ ಸಂತಾಲ ಹೆಂಗಸರು ಸಾಲಾಗಿ ಕುಣಿಯುತ್ತಾರೆ, ಅನಿಲಾ ಸಂಕೋಚ ಬಿಟ್ಟು ಅವರ ಜೊತೆ ಸೇರ್ತಾಳೆ. ಮಮತಾ ಶಂಕರ್ ಸ್ವತಃ ನೃತ್ಯಗಾತಿ, ಆದ್ದರಿಂದ ದೃಶ್ಯ ಕಣ್ಣಿಗೆ ಚಂದ. ಆದರೆ ಇಷ್ಟೆಲ್ಲ ಆತಿಥ್ಯದ ಕತೆ ಹೇಳಿದ ಚಿತ್ರದಲ್ಲಿ, ಹೇಳದೆ ಬಂದ ಆಗಂತುಕನನ್ನು ಆ ಹಳ್ಳಿಯವರು ಹೇಗೆ ಬರಮಾಡಿಕೊಂಡರು ಅನ್ನೋದರ ಮೇಲೆ ಕ್ಯಾಮೆರಾ ನಿಲ್ಲಲ್ಲ. ಅವರ ಕುಣಿತದ ಮೇಲೆ ನಿಲ್ಲುತ್ತದೆ. ಕಲ್ಕತ್ತಾದ ಮನೆಯವರಿಗೆ ಮಾತು ಸಿಕ್ಕಿತು, ಅನುಮಾನ ಸಿಕ್ಕಿತು, ನಾಚಿಕೆ ಸಿಕ್ಕಿತು. ಸಂತಾಲರಿಗೆ ಕುಣಿತ ಸಿಕ್ಕಿತು. ನಮ್ಮ ಅಚ್ಚಿನ ಲೇಖನಗಳು ಗೆಳೆಯನನ್ನು ಬಿಟ್ಟು ಕುಡಿಕೆಯ ಫೋಟೋ ತೆಗೆಯುವ ಹಾಗೆಯೇ ಇದು. ರಾಯ್ ಅಂಥವರ ಕಣ್ಣಿಗೂ ಆ ಸೆಳೆತ ತಪ್ಪಲಿಲ್ಲ ಅಂದರೆ ನಮ್ಮ ನಿಮ್ಮ ಪಾಡೇನು?

ಆದರೂ ಈ ಚಿತ್ರ ನೋಡಿ ಅಂತ ಹೇಳ್ತೀನಿ. ವಾರಾಂತ್ಯಕ್ಕೆ ಯಾರದೋ ಊರಿಗೆ ಹೊರಟಿದ್ದರೆ ಹೋಗುವ ಮೊದಲೇ ನೋಡಿ. ಚಿತ್ರದಲ್ಲಿ ಅಜ್ಜ ಹುಡುಗನಿಗೆ ಹೇಳುವ ಬುದ್ಧಿಮಾತು, ಕೂಪಮಂಡೂಕ ಆಗಬೇಡ ಅನ್ನೋದು. ಬಾವಿಯ ಕಪ್ಪೆ ನಾವೆಲ್ಲ ಕೇಳಿದ ಗಾದೆಯೇ. ವಿಮಾನ ಹತ್ತಿ ನಾಲ್ಕು ಊರು ನೋಡಿದ ಮಾತ್ರಕ್ಕೆ ಆ ಕಪ್ಪೆತನ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೀವಿ. ಗೆಳೆಯನ ಮನೆಯ ಹಾಲಿನಲ್ಲೂ ಬಾವಿ ಕಟ್ಟಿಕೊಂಡು ಕೂರಬಹುದು.

ಈ ಬರಹವನ್ನು ಪೋಸ್ಟ್ ಮಾಡುವ ಮೊದಲು ಅವನಿಗೆ ಕಳಿಸಿ ಒಪ್ಪಿಗೆ ಕೇಳಿದೆ. ಒಂದು ದಿನ ಬಿಟ್ಟು ಉತ್ತರ ಬಂತು. ಅತ್ತೆಯ ವಿಷಯ ಇರಲಿ, ಊರಿನ ಹೆಸರು ತೆಗಿ ಅಂದ. ತೆಗೆದಿದ್ದೀನಿ. ಇಲಿಶ್ ಆರಿಸೋಕೆ ಕಿವಿರು ಮಾತ್ರ ನೋಡಿದರೆ ಸಾಲದು, ಹೊಟ್ಟೆ ಒತ್ತಿಯೂ ನೋಡಬೇಕು, ಅದನ್ನೂ ಸೇರಿಸು ಅಂತ ಹೆಂಡತಿ ಹೇಳಿದಳಂತೆ. ಸೇರಿಸಿದ್ದೀನಿ.